ಡಿಸ್ಕ್ ಬಂತು, ಬೀಗದ ಕೈ ಬರಲಿಲ್ಲ

ಶನಿವಾರ

ಹಳೇ ಡೆಸ್ಕ್‌ಟಾಪಿನ ಮದರ್‌ಬೋರ್ಡ್ ಕೈಕೊಟ್ಟಿತು. ಬಟನ್ ಒತ್ತಿದರೆ ಫ್ಯಾನ್ ಒಂದು ಸುತ್ತು ಹಾಕಿ ನಿಲ್ಲುತ್ತದೆ, ಅಷ್ಟೇ. ಒಳಗಿದ್ದ 500 ಜಿಬಿ ಡಿಸ್ಕ್ ಮಾತ್ರ ಬೇಕು ನನಗೆ. ನಾಲ್ಕು ಸ್ಕ್ರೂ ಬಿಚ್ಚಿ ಹೊರಗೆ ತೆಗೆದೆ.

ಮೊದಲು ಕೈಯಲ್ಲಿದ್ದ ಸಣ್ಣ ಯುಎಸ್‌ಬಿ ಕೇಬಲ್‌ಗೆ ಸಿಕ್ಕಿಸಿದೆ. ಡಿಸ್ಕ್ ತಿರುಗಲೇ ಇಲ್ಲ. ಇದು 3.5 ಇಂಚಿನದು, ಮೋಟರ್‌ಗೆ 12 ವೋಲ್ಟ್ ಬೇಕು. ಯುಎಸ್‌ಬಿ ಪೋರ್ಟ್ ಕೊಡುವುದು 5 ವೋಲ್ಟ್. ಲ್ಯಾಪ್‌ಟಾಪಿನ 2.5 ಇಂಚಿನ ಡಿಸ್ಕಿಗೆ ಅಷ್ಟು ಸಾಕು, ಇದಕ್ಕೆ ಸಾಲದು. ಬೇರೆ ಅಡಾಪ್ಟರ್ ಇರುವ ಡಿಸ್ಕ್ ಪೆಟ್ಟಿಗೆ, ಅಂದರೆ ಡಾಕ್‌ನಲ್ಲಿ ಕೂರಿಸಿದ ಮೇಲೆ ಗುಂಯ್ ಎಂದು ಸದ್ದು ಬಂತು. ಹೊಸ ಕಂಪ್ಯೂಟರಿನಲ್ಲಿ 465 ಜಿಬಿ ಅಂತ ಕಾಣಿಸಿಕೊಂಡಿತು. ಕಡಿಮೆ ಆಗಿಲ್ಲ, ವಿಂಡೋಸ್ ಎಣಿಸುವ ರೀತಿಯೇ ಹಾಗೆ.

ನನ್ನ ಹೆಸರಿನ ಫೋಲ್ಡರ್ ತೆರೆಯಲು ಹೋದರೆ, ನಿಮಗೆ ಅನುಮತಿ ಇಲ್ಲ ಅಂದಿತು. ನನ್ನದೇ ಫೋಲ್ಡರ್! ಹೊಸ ಕಂಪ್ಯೂಟರಿನಲ್ಲೂ ಅದೇ ಹೆಸರಿನ ಯೂಸರ್ ಇದ್ದೇನೆ. ಆದರೆ ವಿಂಡೋಸ್ ಹೆಸರು ನೋಡುವುದಿಲ್ಲ, ಒಳಗಿನ ಗುರುತಿನ ಸಂಖ್ಯೆ ನೋಡುತ್ತದೆ. ಎಸ್-1-5-21 ಅಂತ ಶುರುವಾಗುವ ಆ ಉದ್ದನೆಯ ಎಸ್‌ಐಡಿ ಒಂದೊಂದು ಕಂಪ್ಯೂಟರಿನಲ್ಲಿ ಒಂದೊಂದು. ಸೆಕ್ಯುರಿಟಿ ಟ್ಯಾಬ್ ತೆರೆದರೆ ನನ್ನ ಹೆಸರು ಇರಬೇಕಾದ ಜಾಗದಲ್ಲಿ ಬರೀ ಆ ಸಂಖ್ಯೆ, ಪಕ್ಕದಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ. ಅದು ಹಳೇ ಕಂಪ್ಯೂಟರಿನ ನಾನು.

ಕಂಟಿನ್ಯೂ ಬಟನ್ ಒತ್ತಿದೆ. ಹಸಿರು ಪಟ್ಟಿ ತೆವಳಿಕೊಂಡು ಹೋಗಿ, ಬಹಳ ಹೊತ್ತಿನ ಮೇಲೆ ಫೋಲ್ಡರ್ ತೆರೆಯಿತು. ಫೋಟೋಗಳೆಲ್ಲ ಇವೆ. ಖುಷಿ.

ಡಾಕ್ಯುಮೆಂಟ್ಸ್ ಅಂಡ್ ಸೆಟ್ಟಿಂಗ್ಸ್ ಅನ್ನುವ ಫೋಲ್ಡರ್ ಮಾತ್ರ ಏನು ಮಾಡಿದರೂ ಬಗ್ಗಲಿಲ್ಲ. ಅರ್ಧ ಗಂಟೆ ಅದರ ಜೊತೆ ಗುದ್ದಾಡಿದೆ, ಸುಮ್ನೆ. ಅದು ಫೋಲ್ಡರೇ ಅಲ್ಲ. ಹಳೇ ಪ್ರೋಗ್ರಾಮ್‌ಗಳಿಗಾಗಿ ಇಟ್ಟಿರುವ ಕೊಂಡಿ, ಸಿ ಡ್ರೈವಿನ ಯೂಸರ್ಸ್ ಕಡೆ ಕೈ ತೋರಿಸುತ್ತದೆ. ಹೊಸ ಕಂಪ್ಯೂಟರಿನಲ್ಲಿ ಸಿ ಅಂದರೆ ಹೊಸದರ ಸಿ. ಬಲವಂತವಾಗಿ ತೆರೆದಿದ್ದರೆ ನನ್ನ ಇವತ್ತಿನ ಫೈಲುಗಳೇ ಕಾಣುತ್ತಿದ್ದವು.

ಭಾನುವಾರ

ಖಾಸಗಿ ಅನ್ನುವ ಫೋಲ್ಡರಿನಲ್ಲಿ 212 ಫೈಲುಗಳು. ಒಂದೂ ತೆರೆಯುತ್ತಿಲ್ಲ. ಒಡೆತನ ನನ್ನ ಹೆಸರಿಗೆ ಮಾಡುವ ಟೇಕ್‌ಓನ್ ಕಮಾಂಡ್ ಓಡಿಸಿದೆ, ಅನುಮತಿ ಬದಲಿಸುವ ಐಕ್ಯಾಕಲ್ಸ್‌ನಲ್ಲಿ ಪೂರ್ತಿ ಅಧಿಕಾರ ಕೊಟ್ಟುಕೊಂಡೆ. ಊಹೂಂ. ಆಮೇಲೆ ಐಕಾನ್‌ಗಳನ್ನು ಸರಿಯಾಗಿ ನೋಡಿದೆ. ಪ್ರತಿಯೊಂದರ ಮೂಲೆಯಲ್ಲೂ ಒಂದು ಪುಟ್ಟ ಬೀಗ.

ಎದೆ ಧಸಕ್ಕೆಂದಿತು. ಯಾವುದೋ ಕಾಲದಲ್ಲಿ ಎನ್‌ಕ್ರಿಪ್ಟ್ ಅನ್ನುವ ಡಬ್ಬಿಗೆ ನಾನೇ ಟಿಕ್ ಹಾಕಿದ್ದೇನೆ. ಅದು ಇಎಫ್‌ಎಸ್, ಫೈಲುಗಳಿಗೆ ಬೀಗ ಹಾಕುವ ವಿಂಡೋಸಿನದೇ ವ್ಯವಸ್ಥೆ. ನಿನ್ನೆಯದು ಬಾಗಿಲಿನ ಮೇಲಿನ ಹೆಸರಿನ ಬೋರ್ಡು, ಬದಲಾಯಿಸಿದರೆ ಮುಗಿಯಿತು. ಲಿನಕ್ಸಿನಲ್ಲಿ ಸಿಕ್ಕಿಸಿದರಂತೂ ಸಾಮಾನ್ಯವಾಗಿ ಆ ಬೋರ್ಡಿನ ಗೊಡವೆಯೇ ಇಲ್ಲದೆ ಒಳಗೆ ಹೋಗಬಹುದು. ಇವತ್ತಿನದು ನಿಜವಾದ ಬೀಗ. ಅದರ ಕೈ ಹಳೇ ವಿಂಡೋಸಿನ ನನ್ನ ಪ್ರೊಫೈಲ್ ಒಳಗಿದೆ, ಆ ಕೈಯನ್ನು ಕಾಯುತ್ತಿರುವುದು ನನ್ನ ಹಳೇ ಲಾಗಿನ್ ಪಾಸ್‌ವರ್ಡ್. ಅಂದರೆ ಹಳೇ ವಿಂಡೋಸ್ ಒಂದು ಸಲ ಜೀವಂತ ಎದ್ದು ಕೂರಬೇಕು.

ಅದಕ್ಕೂ ಮುಂಚೆ, ಮೊದಲೇ ಮಾಡಬೇಕಿದ್ದ ಕೆಲಸ: ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಕೊಡುವ ಸ್ಮಾರ್ಟ್ ವರದಿ ನೋಡಿದೆ. ಪೆಂಡಿಂಗ್ ಸೆಕ್ಟರ್, ಅಂದರೆ ಓದಲು ತೊಂದರೆ ಕೊಡುತ್ತಿರುವ ತುಣುಕುಗಳ ಲೆಕ್ಕ, 197ನೇ ಸಾಲಿನಲ್ಲಿ 8 ಅಂತ ತೋರಿಸಿತು. ಇಂಥ ಡಿಸ್ಕಿನ ಮೇಲೆ ನಿನ್ನೆ ಕಂಟಿನ್ಯೂ ಒತ್ತಿ ಸಾವಿರಾರು ಫೈಲುಗಳ ಅನುಮತಿ ಬರೆಸಿದ್ದೇನೆ. ನನ್ನ ತಲೆ ನಾನೇ ಚಚ್ಚಿಕೊಳ್ಳಬೇಕು ಅನ್ನಿಸಿತು.

ಸೋಮವಾರ, ಮಂಗಳವಾರ

ಲಿನಕ್ಸ್ ಪೆನ್‌ಡ್ರೈವಿನಿಂದ ಬೂಟ್ ಮಾಡಿ, ಡಿಸ್ಕನ್ನು ಮೌಂಟ್ ಮಾಡದೆ (ಒಳಗಿನ ಫೈಲುಗಳನ್ನು ತೆರೆಯಲು ಬಿಡದೆ), ಕೆಡುತ್ತಿರುವ ಡಿಸ್ಕಿನಿಂದ ನಕಲು ತೆಗೆಯುವ ಡಿಡಿರೆಸ್ಕ್ಯೂನಿಂದ 2 ಟಿಬಿ ಡಿಸ್ಕಿಗೆ ಪೂರ್ತಿ ಇಮೇಜ್, ಅಂದರೆ ಇಡೀ ಡಿಸ್ಕಿನ ಯಥಾವತ್ ನಕಲು, ತೆಗೆದೆ. ಮೂಲ ಯಾವುದು, ಗುರಿ ಯಾವುದು ಅಂತ ಡಿಸ್ಕುಗಳ ಪಟ್ಟಿ ಕೊಡುವ ಎಲ್‌ಎಸ್‌ಬಿಎಲ್‌ಕೆನಲ್ಲಿ ಮೂರು ಸಲ ನೋಡಿದ್ದೇನೆ. ಅವೆರಡು ಅದಲುಬದಲಾದರೆ ಕಥೆ ಮುಗಿದಂತೆ. ಡಾಕ್ ಹಳೇ ಯುಎಸ್‌ಬಿ 2.0, ಸೆಕೆಂಡಿಗೆ 30 ಎಂಬಿ ಬಂದರೆ ಜಾಸ್ತಿ. ನಾಲ್ಕೂವರೆ ಗಂಟೆ ಹಿಡಿಯಿತು.

ಡಿಡಿರೆಸ್ಕ್ಯೂ ನನಗೆ ಇಷ್ಟವಾಗುವುದು ಅದರ ಮ್ಯಾಪ್ ಫೈಲಿನಿಂದ. ಓದಲು ಬಾರದ ಕಡೆ ಹಠ ಹಿಡಿದು ನಿಲ್ಲುವುದಿಲ್ಲ. ಗುರುತು ಹಾಕಿಕೊಂಡು ಮುಂದೆ ಹೋಗುತ್ತದೆ, ಸುಲಭದ್ದೆಲ್ಲ ಮುಗಿದ ಮೇಲೆ ವಾಪಸ್ ಬರುತ್ತದೆ. ಮಧ್ಯೆ ಕರೆಂಟ್ ಹೋದರೂ ಬಿಟ್ಟಲ್ಲಿಂದ ಶುರು. ಮೊದಲ ಸುತ್ತಿಗೆ 64 ಕೆಬಿ ಉಳಿದಿತ್ತು. ಕೆರೆದು ಕೆರೆದು ಕೊನೆಗೆ 4 ಕೆಬಿಗೆ ಬಂದು ನಿಂತಿತು. 512 ಬೈಟಿನ ಸೆಕ್ಟರ್ ಲೆಕ್ಕದಲ್ಲಿ ಸರಿಯಾಗಿ 8. ಸ್ಮಾರ್ಟ್ ಹೇಳಿದ್ದ ಅದೇ 8.

ಬುಧವಾರ

ಇಮೇಜನ್ನು ವರ್ಚುವಲ್‌ಬಾಕ್ಸಿನ (ಕಂಪ್ಯೂಟರಿನೊಳಗೇ ಇನ್ನೊಂದು ನಕಲಿ ಕಂಪ್ಯೂಟರ್ ಓಡಿಸುವ ಪ್ರೋಗ್ರಾಮ್) ಡಿಸ್ಕಾಗಿ ಬದಲಾಯಿಸಿ ಅದರೊಳಗಿನ ಹೊಸ ಮೆಷಿನ್‌ಗೆ ಜೋಡಿಸಿದೆ. ವಿಂಡೋಸ್ 7 ಏಳತೊಡಗಿತು, ಬಣ್ಣದ ಚುಕ್ಕಿಗಳು ಸುತ್ತತೊಡಗಿದವು, ಪಟಕ್ಕನೆ ನೀಲಿ ಪರದೆ. ಅದರಲ್ಲಿದ್ದ ತಪ್ಪಿನ ಸಂಖ್ಯೆಯ ಕೊನೆಯಲ್ಲಿ 7ಬಿ. ಬೂಟ್ ಡಿಸ್ಕೇ ಸಿಗುತ್ತಿಲ್ಲ ಎಂಬ ದೂರು ಅದು. ನಾನು ವರ್ಚುವಲ್ ಡಿಸ್ಕನ್ನು ಸಾಟಾ ಕಂಟ್ರೋಲರಿಗೆ ಹಾಕಿದ್ದೆ, ಅದು ಡಿಸ್ಕಿನ ಜೊತೆ ಮಾತಾಡುವುದು ಎಎಚ್‌ಸಿಐ ಅನ್ನುವ ಹೊಸ ರೀತಿಯಲ್ಲಿ. ಹಳೇ ಬೋರ್ಡಿನ ಬೂಟ್ ಸೆಟ್ಟಿಂಗ್, ಅಂದರೆ ಬಯಾಸ್‌ನಲ್ಲಿ ಹಳೇ ರೀತಿಯ ಐಡಿಇ ಮೋಡ್ ಇತ್ತು. ಹಾಗೆ ಇನ್‌ಸ್ಟಾಲ್ ಆದ ವಿಂಡೋಸ್ 7 ಎಎಚ್‌ಸಿಐ ಡ್ರೈವರನ್ನು ಬೂಟ್‌ನಲ್ಲಿ ಎಬ್ಬಿಸುವುದಿಲ್ಲ. ಐಡಿಇ ಕಂಟ್ರೋಲರಿಗೆ ಬದಲಾಯಿಸಿದೆ. ಎದ್ದಿತು! 800 ಅಗಲ 600 ಎತ್ತರದ ಪುಟಾಣಿ ಕಿಟಕಿಯಲ್ಲಿ ನನ್ನ ಹಳೇ ಲಾಗಿನ್ ಪರದೆ.

ಪಾಸ್‌ವರ್ಡ್ ನೆನಪಿಲ್ಲ.

ಇಲ್ಲೇ ದೊಡ್ಡ ಗುಂಡಿ ಇರುವುದು. ಪಾಸ್‌ವರ್ಡ್ ಅಳಿಸಿಹಾಕುವ ಪೆನ್‌ಡ್ರೈವ್ ನನ್ನ ಡ್ರಾಯರಿನಲ್ಲೇ ಇದೆ, ಐದು ನಿಮಿಷದ ಕೆಲಸ. ಆದರೆ ಹೊರಗಿನಿಂದ ಪಾಸ್‌ವರ್ಡ್ ಅಳಿಸಿದರೆ ಲಾಗಿನ್ ಆಗಬಹುದು, ಬೀಗದ ಕೈ ಮಾತ್ರ ಸಿಗುವುದಿಲ್ಲ. ಅದು ಹಳೇ ಪಾಸ್‌ವರ್ಡಿಗೇ ಕಟ್ಟಿಬಿದ್ದಿದೆ. ಹಾಗಾಗಿ ನೆನಪು ಮಾಡಿಕೊಳ್ಳುವುದೊಂದೇ ದಾರಿ. ಎರಡು ಸಲ ತಪ್ಪು ಹಾಕಿದೆ. ಕೆಳಗೆ ಸುಳಿವು ಬಂತು: ಯಾವಾಗ್ಲೂ ಇಡೋದೇ. ಎಂಥ ಬುದ್ಧಿವಂತ ನಾನು, ಅಲ್ವಾ? ಆಗ ಯಾವಾಗಲೂ ಇಡುತ್ತಿದ್ದದ್ದು ಯಾವುದು ಅಂತ ಈಗ ಯಾರನ್ನು ಕೇಳುವುದು.

ಕೊನೆಗೆ ಕಣ್ಣು ಮುಚ್ಚಿ, ಯೋಚಿಸದೆ, ಬೆರಳು ಹೋದ ಕಡೆ ಬಿಟ್ಟೆ. ಎಂಟು ಕೀ, ಆಮೇಲೆ ಎಂಟರ್. ವೆಲ್‌ಕಮ್.

ಗುರುವಾರ

ಆ್ಯಕ್ಟಿವೇಶನ್ ಬಗ್ಗೆ ವಿಂಡೋಸ್ ಗೊಣಗಿತು, ಗೊಣಗಲಿ. ಮೊದಲು ವಿಂಡೋಸಿನ ಸರ್ಟಿಫಿಕೇಟುಗಳ ಪಟ್ಟಿಯಾದ ಸರ್ಟ್‌ಎಂಜಿಆರ್ ತೆರೆದು ಇಎಫ್‌ಎಸ್ ಸರ್ಟಿಫಿಕೇಟನ್ನು ಪ್ರೈವೇಟ್ ಕೀ (ಅದೇ ಆ ಬೀಗದ ಕೈ) ಸಮೇತ ಪಿಎಫ್‌ಎಕ್ಸ್ ಫೈಲಾಗಿ ತೆಗೆದಿಟ್ಟೆ. ಪ್ರೈವೇಟ್ ಕೀ ಸೇರಿಸು ಅನ್ನುವ ಆಯ್ಕೆ ತಾನಾಗಿ ಬರುವುದಿಲ್ಲ, ನಾವೇ ಆರಿಸಬೇಕು. ಅದಿಲ್ಲದ ಸರ್ಟಿಫಿಕೇಟ್ ಇದ್ದೂ ಇಲ್ಲದಂತೆ.

ಖಾಸಗಿ ಫೋಲ್ಡರಿನಲ್ಲಿ ವಿಂಡೋಸ್ 7 ಆ 212 ಹೆಸರುಗಳನ್ನೂ ಹಸಿರು ಅಕ್ಷರದಲ್ಲಿ ತೋರಿಸುತ್ತಿತ್ತು. ಪ್ರಾಪರ್ಟೀಸಿಗೆ ಹೋಗಿ ಟಿಕ್ ತೆಗೆದು ಅಪ್ಲೈ ಒತ್ತಿದೆ. ಮೇಲಿನಿಂದ ಒಂದೊಂದೇ ಹೆಸರು ಕಪ್ಪಾಗುತ್ತಾ ಬಂತು. ಕೊನೆಯ ಹೆಸರು ಕಪ್ಪಾಗುವವರೆಗೂ ಮೌಸ್ ಮುಟ್ಟಲಿಲ್ಲ.

ಕಳೆದುಹೋದ ಆ 4 ಕೆಬಿ ಯಾವ ಫೈಲಿನದು ಅಂತ ನೋಡದೆ ಮನಸ್ಸು ಕೇಳಲಿಲ್ಲ. ಮ್ಯಾಪ್ ಫೈಲಿನ ಜಾಗವನ್ನು ಪಾರ್ಟಿಶನ್ ಶುರುವಿನಿಂದ ಲೆಕ್ಕ ಹಾಕಿ, ಯಾವ ಜಾಗ ಯಾವ ಫೈಲಿನದು ಅಂತ ಹೇಳುವ ಎನ್‌ಟಿಎಫ್‌ಎಸ್‌ಕ್ಲಸ್ಟರಿಗೆ ಕೊಟ್ಟೆ. ಉತ್ತರ ಬಂತು: ಪೇಜ್‌ಫೈಲ್. ಮೆಮೊರಿ ಸಾಲದಿದ್ದಾಗ ವಿಂಡೋಸ್ ಗೀಚಿ ಬಿಸಾಡುವ ಕಚ್ಚಾ ಪುಟ.

ಪಿಎಫ್‌ಎಕ್ಸ್ ಫೈಲಿಗೂ ಒಂದು ಪಾಸ್‌ವರ್ಡ್ ಕೇಳಿತ್ತು. ಈ ಸಲ ಕಾಗದದಲ್ಲಿ ಬರೆದಿಟ್ಟಿದ್ದೇನೆ.