ಸ್ಕೂಟರ್ ಹತ್ತುವ ಇಳಿಜಾರು

ಗೂಗಲ್ ಮ್ಯಾಪ್‌ನಲ್ಲಿ ನಾನು ಐದನೇ ಹಂತದ ಲೋಕಲ್ ಗೈಡ್, ಅಂದರೆ ಜಾಗಗಳ ಬಗ್ಗೆ ಮಾಹಿತಿ ಸೇರಿಸಿ ಅಂಕ ಗಳಿಸುವವನು. ಹಾಗಂತ ಮನೆಯಲ್ಲಿ ಯಾರೂ ಎದ್ದು ನಿಂತು ಜಾಗ ಬಿಡುವುದಿಲ್ಲ, ಆದರೂ ನನಗೆ ಒಳಗೊಳಗೇ ಹೆಮ್ಮೆ. ವಿಮರ್ಶೆ ಬರೆದರೆ 10 ಅಂಕ, ಫೋಟೋ ಹಾಕಿದರೆ 5, ಅದು ಕೇಳುವ ಸಣ್ಣಪುಟ್ಟ ಪ್ರಶ್ನೆಗೆ ಹೌದು, ಇಲ್ಲ ಎಂದು ಒತ್ತಿದರೆ 1. ತಿಂಡಿ ತಿಂದು ಬಿಲ್ ಬರುವಷ್ಟರಲ್ಲಿ ನಾಲ್ಕೈದು ಒತ್ತಿಬಿಡಬಹುದು. ಪಾರ್ಕಿಂಗ್ ಇದೆಯಾ? ಹೌದು. ಕಾರ್ಡ್ ತಗೋತಾರಾ? ಹೌದು. ವೀಲ್‌ಚೇರ್ ಒಳಗೆ ಹೋಗುತ್ತಾ? ಬರುವಾಗ ಬಾಗಿಲ ಪಕ್ಕ ಸಿಮೆಂಟಿನ ಇಳಿಜಾರು ಕಂಡ ಹಾಗಿತ್ತು. ಹೌದು.

ಆ ಕೊನೆಯ ಹೌದು ನಮ್ಮ ಅತ್ತೆಗೆ ಸುತ್ತಿಕೊಂಡಿತು.

ಅತ್ತೆ ಅಂದರೆ ಅಪ್ಪನ ಅಕ್ಕ. ಮೈಸೂರಿನಲ್ಲೇ ಮೂವತ್ತು ವರ್ಷ ಹೈಸ್ಕೂಲ್ ಮಕ್ಕಳಿಗೆ ಲೆಕ್ಕ ಹೇಳಿಕೊಟ್ಟವರು. ಮೂರು ವರ್ಷದವರಿದ್ದಾಗ ಪೋಲಿಯೊ ಆಯಿತಂತೆ. ಕಾಲಿಗೆ ಆಸರೆಯ ಕ್ಯಾಲಿಪರ್ ಕಟ್ಟಿಕೊಂಡು, ಊರುಗೋಲು ಹಿಡಿದೇ ಸರ್ವಿಸ್ ಮುಗಿಸಿದರು. ಆಮೇಲಾಮೇಲೆ ತೋಳಿನ ಬಲವೂ ಕುಗ್ಗಿ ವೀಲ್‌ಚೇರಿಗೆ ಬಂದರು. ಹೋದ ಡಿಸೆಂಬರಿನಲ್ಲಿ ಹಳೆಯ ಟೀಚರುಗಳೆಲ್ಲ ಒಂದು ಮಧ್ಯಾಹ್ನ ಊಟಕ್ಕೆ ಸೇರುವುದು ಅಂತಾಯಿತು. ಜಾಗ ನೋಡುವ ಜವಾಬ್ದಾರಿ ಇವರದು. ಮ್ಯಾಪ್ ತೆಗೆದು, ವೀಲ್‌ಚೇರ್ ಗುರುತು ಇದ್ದ ಒಂದು ಹೋಟೆಲನ್ನು ಗೊತ್ತು ಮಾಡಿದರು.

ಇಳಿಜಾರು ಇದ್ದದ್ದು ನಿಜ. ಮಾಲೀಕರು ರಾತ್ರಿ ತಮ್ಮ ಸ್ಕೂಟರನ್ನು ಒಳಗೆ ತಳ್ಳಿಕೊಳ್ಳಲು ಮಾಡಿಸಿಕೊಂಡದ್ದು ಅದು. ಕೊನೆಗೆ ಹೋಟೆಲಿನ ಇಬ್ಬರು ಹುಡುಗರು ಕುರ್ಚಿಸಮೇತ ಎತ್ತಿದರು. ಸೆರಗು ಚಕ್ರಕ್ಕೆ ಸಿಕ್ಕಿತು, ತೊಡೆಯ ಮೇಲಿದ್ದ ಚೀಲ ಬಿತ್ತು, ಊಟಕ್ಕೆ ಕೂತಿದ್ದವರೆಲ್ಲ ತಿರುಗಿ ನೋಡಿದರು. ಶೌಚಾಲಯ ಮಹಡಿಯ ಮೇಲೆ. ಹಾಗಾಗಿ ಅತ್ತೆ ಮೂರು ಗಂಟೆ ಹೊತ್ತು ಒಂದು ಗುಟುಕು ನೀರು ಕುಡಿಯಲಿಲ್ಲ.

ರಾತ್ರಿ ಫೋನ್ ಬಂತು.

“ಆ ಹೋಟೆಲಿಗೆ ‘ರ್‍ಯಾಂಪ್ ಇದೆ, ಬಿಸಿಬೇಳೆಬಾತ್ ಸೂಪರ್’ ಅಂತ ಬರೆದಿರೋನು ನೀನೇ ತಾನೇ?”

“ಹೌದು ಅತ್ತೆ.”

“ಬಿಸಿಬೇಳೆಬಾತ್ ವಿಷಯ ನಿಜ. ಭಾನುವಾರ ಬೆಳಿಗ್ಗೆ ಬಾ. ಬರ್ತಾ ಒಂದು ಟೇಪು ತಗೊಂಡು ಬಾ.”

ಬೈಗುಳ ತಿಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಟೇಪು ಅಂದದ್ದೇ ಭಯವಾಯಿತು.

ಭಾನುವಾರ ಮೊದಲು ಹೋದದ್ದು ಅದೇ ಹೋಟೆಲಿಗೆ. ಮೂರು ಮೆಟ್ಟಿಲು, ಒಂದೊಂದೂ 15 ಸೆಂ.ಮೀ. ಇಳಿಜಾರಿನ ಉದ್ದ ನೆಲದ ಮೇಲೆ 130 ಸೆಂ.ಮೀ. ನಾನು ಕುಕ್ಕರುಗಾಲಿನಲ್ಲಿ ಕೂತು ಟೇಪು ಹಿಡಿದಿದ್ದೆ, ಅತ್ತೆ ಕುರ್ಚಿಯಲ್ಲಿ ಕೂತು ಲೆಕ್ಕ ಕೇಳುತ್ತಿದ್ದರು.

“ನೂರಾ ಮೂವತ್ತನ್ನ ನಲವತ್ತೈದರಿಂದ ಭಾಗಿಸು.”

“ಹತ್ತಿರ ಹತ್ತಿರ ಮೂರು.”

“ಹನ್ನೆರಡಿರಬೇಕು. ಒಂದಡಿ ಏರೋಕೆ ಹನ್ನೆರಡಡಿ ಉದ್ದ. ಇದನ್ನ ಹತ್ತೋಕೆ ಸ್ಕೂಟರಿಗೆ ಇಂಜಿನ್ ಇದೆ ಕಣೋ, ನನಗೆಲ್ಲಿದೆ?”

ಸರ್ಕಾರದ ಮಾರ್ಗಸೂಚಿಯಲ್ಲಿರುವುದೂ ಅದೇ, 1:12. ಆ ಲೆಕ್ಕದಲ್ಲಿ ಆ ಮೂರು ಮೆಟ್ಟಿಲಿಗೆ 5.4 ಮೀಟರ್ ಉದ್ದದ ಇಳಿಜಾರು ಬೇಕು. ನೇರವಾಗಿ ಕಟ್ಟಿದರೆ ರಸ್ತೆಯ ಮಧ್ಯಕ್ಕೆ ಬಂದು ನಿಲ್ಲುತ್ತದೆ, ಗೋಡೆಗುಂಟ ಪಕ್ಕಕ್ಕೆ ತಿರುಗಿಸಬೇಕು. ನಮ್ಮ ಕಡೆ ಅಂಗಡಿಯ ಮುಂದೆ ಚರಂಡಿ, ಚರಂಡಿಯ ಮೇಲೊಂದು ಚಪ್ಪಡಿ, ಮಳೆನೀರು ನುಗ್ಗದಿರಲಿ ಎಂದು ಒಳನೆಲ ಇನ್ನೂ ಎತ್ತರ. ಮೆಟ್ಟಿಲು ಯಾರನ್ನೂ ಹೊರಗಿಡಲು ಕಟ್ಟಿದ್ದಲ್ಲ, ನೀರನ್ನು ಹೊರಗಿಡಲು ಕಟ್ಟಿದ್ದು. ನಾನು ಹೀಗಂದಾಗ ಅತ್ತೆ, “ನೀರಿನ ಜೊತೆ ನಾನೂ ಹೊರಗೇ” ಅಂದರು.

ಅವತ್ತು ಕಾಳಿದಾಸ ರಸ್ತೆ, ಅದರ ಅಡ್ಡರಸ್ತೆಗಳು ಸೇರಿ 14 ಜಾಗ ನೋಡಿದೆವು. ಒಳಗೆ ಹೋಗಿ ಕೇಳಿದಾಗಲೆಲ್ಲ ಬಂದ ಮೊದಲ ಉತ್ತರ, “ಒಂದೇ ಮೆಟ್ಟಿಲು ಸಾರ್, ಏನೂ ತೊಂದ್ರೆ ಇಲ್ಲ.” ಎರಡನೆಯದು, “ನಾವೇ ಎತ್ಕೊಂಡು ಹೋಗ್ತೀವಿ ಬನ್ನಿ.” ಇದನ್ನು ಅವರು ಮನಸಾರೆ ಹೇಳುತ್ತಾರೆ, ಅದರಲ್ಲಿ ಎರಡು ಮಾತಿಲ್ಲ. ನಾನೂ ಹಿಂದಿನ ವಾರದವರೆಗೆ ಅದನ್ನು ಸೌಲಭ್ಯ ಅಂತಲೇ ತಿಳಿದಿದ್ದೆ. ಅತ್ತೆ ನಗುತ್ತಲೇ ಬೇಡ ಅಂದು, ಮುಂದಿನ ಅಂಗಡಿಗೆ ಹೋಗುವಾಗ ಕೇಳಿದರು: “ಒಂದು ಕಾಫಿ ಕುಡಿಯೋಕೆ ಪ್ರತಿ ಸಲ ಇಬ್ಬರ ಹೆಗಲು ಹಿಡೀಬೇಕು ಅಂದ್ರೆ ನೀನು ದಿನಾ ಹೋಗ್ತೀಯಾ?”

ಮೆಟ್ಟಿಲೇ ಇಲ್ಲದ ಒಂದು ದರ್ಶಿನಿ ಸಿಕ್ಕಾಗ ನಾನು ಖುಷಿಯಿಂದ ಫೋನ್ ತೆಗೆದೆ. ಅತ್ತೆ ತಡೆದರು. ಒಳಗೆ ಬಂದು ನೋಡಿದರೆ ಎಲ್ಲವೂ ನಿಂತು ತಿನ್ನುವ ಮೇಜು, ಎದೆಯ ಎತ್ತರದ್ದು. ಕುರ್ಚಿಯಲ್ಲಿ ಕೂತವರಿಗೆ ಇಡ್ಲಿಯ ತಟ್ಟೆಯಲ್ಲ, ಮೇಜಿನ ಅಡಿಭಾಗ ಕಾಣುತ್ತದೆ. ಟೋಕನ್ ಕೊಡುವ ಕ್ಯಾಷಿಯರಿಗೆ ಅತ್ತೆ ಬಂದದ್ದೇ ತಿಳಿಯಲಿಲ್ಲ. ಪ್ರವೇಶದ್ವಾರ, ಆಸನ, ಶೌಚಾಲಯ, ಪಾರ್ಕಿಂಗ್ ಎಂದು ಮ್ಯಾಪ್ ಬೇರೆ ಬೇರೆಯಾಗಿ ಯಾಕೆ ಕೇಳುತ್ತದೆ ಎಂದು ಅಲ್ಲಿಯವರೆಗೆ ನಾನು ಯೋಚಿಸಿರಲಿಲ್ಲ. ನಾಲ್ಕಕ್ಕೆ ನಾಲ್ಕು ಅಂಕ ಅಂತಷ್ಟೇ ಗೊತ್ತಿತ್ತು.

ಶೌಚಾಲಯದ ಕಥೆ ಉದ್ದಕ್ಕೆ ಬರೆದರೆ ನಿಮಗೆ ಊಟ ಸೇರುವುದಿಲ್ಲ. ಅತ್ತೆಯ ಕುರ್ಚಿಯ ಅಗಲ 64 ಸೆಂ.ಮೀ., ನಾವು ಅಳೆದ ಬಾಗಿಲುಗಳಲ್ಲಿ ಹೆಚ್ಚಿನವು 60ರ ಆಸುಪಾಸು. ವೀಲ್‌ಚೇರ್ ಚಿತ್ರ ಅಂಟಿಸಿ, ಕಂಬಿ ಹಾಕಿ, ಅಚ್ಚುಕಟ್ಟಾಗಿ ಕಟ್ಟಿಸಿದ್ದು ಒಂದೇ ಒಂದು ಸಿಕ್ಕಿತು. ಅದರೊಳಗೆ ಬಕೆಟ್ಟು, ಪೊರಕೆ, ಸೋಡಾ ಕ್ರೇಟುಗಳು.

“2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಖಾಸಗಿಯವರಿಗೂ ಅನ್ವಯಿಸುತ್ತೆ, ಹೇಳ್ಲಾ ಇವರಿಗೆ?” ಅಂತ ಕೇಳಿದೆ.

“ಹೇಳು. ಆದ್ರೆ ಮೊದಲು ಮ್ಯಾಪಲ್ಲಿ ಬರಿ. ಇವರು ಕಟ್ಟಿಸೋದು ಯಾವತ್ತೋ, ನಾಳೆ ನನ್ನಂಥವಳೊಬ್ಬಳು ಆಟೋ ಹತ್ತಿ ಇಲ್ಲಿಗೆ ಬರ್ತಾಳೆ.”

ಮನೆಗೆ ಬಂದು ಇದನ್ನು ಬೇರೆಯವರು ಹೇಗೆ ಮಾಡಿದ್ದಾರೆ ಎಂದು ಹುಡುಕಿದೆ. ಬರ್ಲಿನ್‌ನಲ್ಲಿ 2010ರಲ್ಲಿ, ವೀಲ್‌ಚೇರ್ ಎಲ್ಲೆಲ್ಲಿ ಒಳಗೆ ಹೋಗುತ್ತದೆ ಎಂದು ತೋರಿಸುವ ವೀಲ್‌ಮ್ಯಾಪ್ ಶುರುವಾಗಿದೆ. ಅದರ ಹಿಂದಿದ್ದ ರೌಲ್ ಕ್ರೌಟ್‌ಹೌಸನ್ ಸ್ವತಃ ವೀಲ್‌ಚೇರ್ ಬಳಸುವವರು. ಒಳಗೆ ಹೋಗಲು ಬರುವ ಕೆಫೆ ಗೊತ್ತಿರುವುದು ಒಂದೇ ಆದ್ದರಿಂದ ಗೆಳೆಯರನ್ನು ಯಾವಾಗಲೂ ಅಲ್ಲೇ ಭೇಟಿಯಾಗುವಂತಾಗಿತ್ತಂತೆ. ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬ ಮುಕ್ತ ನಕ್ಷೆಯ ಮೇಲೆ ಯಾರು ಬೇಕಾದರೂ ಹಸಿರು, ಹಳದಿ, ಕೆಂಪು ಗುರುತು ಹಾಕಬಹುದು. ನನಗೆ ಹಿಡಿಸಿದ್ದು ಹಳದಿ, ಅಂದರೆ ಭಾಗಶಃ ಅನುಕೂಲ. ಬಾಗಿಲಲ್ಲಿ ಒಂದೇ ಮೆಟ್ಟಿಲು, ಅದೂ 7 ಸೆಂ.ಮೀ. ಮೀರದಿದ್ದರೆ ಮಾತ್ರ ಹಳದಿ. ಹೆಚ್ಚುಕಡಿಮೆ ನಾಲ್ಕು ಬೆರಳು. ನಮ್ಮವರ “ಒಂದೇ ಮೆಟ್ಟಿಲು” ಗೇಣುದ್ದದ್ದೂ ಆಗಬಹುದು.

ಆಮೇಲೆ ನನ್ನ ವಿಮರ್ಶೆಗಳ ಧಾಟಿ ಬದಲಾಯಿತು. ಆ ಮೊದಲ ಹೋಟೆಲಿಗೆ ತಿದ್ದಿ ಬರೆದದ್ದು: “3 ಮೆಟ್ಟಿಲು, ತಲಾ 15 ಸೆಂ.ಮೀ. ಪಕ್ಕದ ಇಳಿಜಾರು ಸ್ಕೂಟರಿಗೆ, ವೀಲ್‌ಚೇರಿಗೆ ಆಗುವುದಿಲ್ಲ. ಬಾಗಿಲು 95 ಸೆಂ.ಮೀ. ಮೇಜಿನಡಿ ಮೊಣಕಾಲಿಗೆ ಜಾಗವಿದೆ. ಶೌಚಾಲಯ ಮಹಡಿಯಲ್ಲಿ, ಲಿಫ್ಟ್ ಇಲ್ಲ. ಬಿಸಿಬೇಳೆಬಾತ್ ಸೂಪರ್.” ಬಾಗಿಲಿನ ಫೋಟೋದಲ್ಲಿ ಅಳತೆ ತಿಳಿಯಲೆಂದು ಅತ್ತೆ ತಮ್ಮ ಹಳೆಯ ಮರದ ಅಡಿಕೋಲನ್ನು ಮೆಟ್ಟಿಲಿಗೆ ಆನಿಸಿ ನಿಲ್ಲಿಸಿದ್ದರು.

ಆ ಭಾನುವಾರ ಕೊನೆಗೆ ಹೋದದ್ದು ಒಂದು ಸಣ್ಣ ಹೋಟೆಲಿಗೆ. ಹೊಸ್ತಿಲಲ್ಲಿ ನಾಲ್ಕು ಬೆರಳಿನಷ್ಟೇ ಮೆಟ್ಟಿಲು. ನಾನು ಟೇಪು ಬಿಚ್ಚುವ ಮೊದಲೇ ಗಲ್ಲಾದಲ್ಲಿದ್ದ ಯಜಮಾನರು ಎದ್ದು, ಗೋಡೆಗೆ ಒರಗಿಸಿದ್ದ ಹಲಗೆಯೊಂದನ್ನು ತಂದು ಹಾಕಿದರು. ಗ್ಯಾಸ್ ಸಿಲಿಂಡರ್ ಉರುಳಿಸಲು ಇಟ್ಟುಕೊಂಡದ್ದಂತೆ. ಅತ್ತೆ ಯಾರ ಕೈಯನ್ನೂ ಹಿಡಿಯದೆ ಒಳಗೆ ಹೋದರು, ಮೇಜಿನ ತುದಿಗೆ ಕುರ್ಚಿ ಸೇರಿಸಿದರು, ಕಾಫಿ ಹೇಳಿದರು. ನಾನು ಆಗಲೇ ಐದು ನಕ್ಷತ್ರ ಒತ್ತಿ, ಹಲಗೆ ಇದೆ, ಕೇಳಿದರೆ ಹಾಕುತ್ತಾರೆ ಎಂದು ಬರೆಯುತ್ತಿದ್ದೆ.

ಅತ್ತೆ ಲೋಟ ಕೆಳಗಿಟ್ಟು ನನ್ನ ಫೋನಿನೊಳಗೆ ಇಣುಕಿದರು.

“ಐದು ಯಾಕೋ? ಮೂರು ಕೊಡು ಸಾಕು. ಡಿಕಾಕ್ಷನ್ ನೀರು ನೀರಾಗಿದೆ, ಅದನ್ನೂ ಬರಿ.”