ಪರದೆಯ ಪಕ್ಕದಲ್ಲಿ ನಿಲ್ಲುವ ಕೆಲಸ

ಸರ್ಕಾರಿ ಶಾಲೆಗಳಲ್ಲಿ ಮಕ್ಕಳಿಗೆ ಸಿನಿಮಾ ತೋರಿಸುವುದು ನನ್ನ ಉದ್ಯೋಗ. ಪ್ರೊಜೆಕ್ಟರ್, ಒಂದು ಜೋಡಿ ಸ್ಪೀಕರ್, ಯುಪಿಎಸ್, ಬಿಳಿ ಪರದೆ ಮತ್ತು ಕಿಟಕಿಗೆ ಕಟ್ಟಲು ಕಪ್ಪು ಬಟ್ಟೆ ಹೊತ್ತುಕೊಂಡು ಚಿತ್ರದುರ್ಗ, ದಾವಣಗೆರೆ ಕಡೆಯ ಹಿರಿಯ ಪ್ರಾಥಮಿಕ ಶಾಲೆಗಳಿಗೆ ಹೋಗುತ್ತೇವೆ. ಬಡತನ, ಜಾತಿ, ಶಾಲೆ ಬಿಟ್ಟ ಮಕ್ಕಳು, ಕಡಿದ ಮರ, ಕಾಣದಾದ ಹಕ್ಕಿ, ಇಂಥ ಸಂಗತಿಗಳನ್ನು ಒಡಲಲ್ಲಿಟ್ಟುಕೊಂಡ ಮಕ್ಕಳ ಚಿತ್ರಗಳನ್ನೇ ಹೆಚ್ಚಾಗಿ ತೋರಿಸುತ್ತೇವೆ. ಇಷ್ಟು ವರ್ಷಗಳಲ್ಲಿ ನನಗೆ ಖಚಿತವಾದದ್ದು ಇದು: ದೊಡ್ಡವರಿಗೆ ವಿವರಣೆ ಕೊಡಬೇಕೆಂದು ಬಾಯಿ ತುರಿಸುವ ದೃಶ್ಯಗಳೇ ಮಕ್ಕಳು ಸಲೀಸಾಗಿ ಅರ್ಥ ಮಾಡಿಕೊಳ್ಳುವ ದೃಶ್ಯಗಳು. ಅಲ್ಲಿ ಸುಮ್ಮನಿರುವುದೂ ಒಂದು ಕಸುಬು. ಅದನ್ನು ರೂಢಿಸಿಕೊಳ್ಳಬೇಕಾಗುತ್ತದೆ.

ಇದು ನನಗೆ ತಿಳಿದದ್ದು ಭಾಷೆಯ ತೊಡಕಿನಿಂದ. ಕನ್ನಡದಲ್ಲಿ ಒಳ್ಳೆಯ ಮಕ್ಕಳ ಚಿತ್ರಗಳಿವೆ. ಕುಂ. ವೀರಭದ್ರಪ್ಪನವರ ಕಥೆಯನ್ನು ಆಧರಿಸಿ ನಾಗತಿಹಳ್ಳಿ ಚಂದ್ರಶೇಖರ್ ಮಾಡಿದ ‘ಕೊಟ್ರೇಶಿ ಕನಸು’, ಕೊಳೆಗೇರಿಯ ಹುಡುಗನ ಓದಿನ ಹಂಬಲವನ್ನು ಹೇಳುವ ‘ಕೇರ್ ಆಫ್ ಫುಟ್‌ಪಾತ್’, ಮನೆ ಬಿಟ್ಟು ರೈಲು ನಿಲ್ದಾಣ ಸೇರಿದ ಹುಡುಗರ ‘ರೈಲ್ವೆ ಚಿಲ್ಡ್ರನ್’, ಮುಚ್ಚಿಹೋಗಲಿರುವ ಕನ್ನಡ ಶಾಲೆಯೊಂದನ್ನು ಕುರಿತ ‘ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ, ಕಾಸರಗೋಡು’. ಆದರೆ ಪ್ರತಿವರ್ಷ ಅದೇ ಶಾಲೆಗೆ ಹೋಗುವವರಿಗೆ ಈ ಪಟ್ಟಿ ಬೇಗ ಮುಗಿದುಹೋಗುತ್ತದೆ. ಆಗ ತಮಿಳಿಗೆ, ಹಿಂದಿಗೆ, ಇರಾನಿಗೆ ಕೈಚಾಚಬೇಕು. ಅಲ್ಲಿಂದ ಬರುವ ಚಿತ್ರಗಳ ಅಡಿಬರಹ ಇಂಗ್ಲಿಷಿನಲ್ಲಿರುತ್ತದೆ. ಐದನೇ ತರಗತಿಯ ಮಗು ಅದನ್ನು ಓದಿ ಮುಗಿಸುವಷ್ಟರಲ್ಲಿ ದೃಶ್ಯವೇ ಮುಗಿದಿರುತ್ತದೆ. ಹಾಗಾಗಿ ನಾನು ಪರದೆಯ ಪಕ್ಕದಲ್ಲಿ ನಿಂತು ಸಂಭಾಷಣೆಯನ್ನು ಕನ್ನಡದಲ್ಲಿ ಹೇಳುತ್ತಾ ಹೋಗುತ್ತೇನೆ. ಮೂಕಿ ಚಿತ್ರಗಳ ಕಾಲದಲ್ಲಿಯೂ ಹೀಗೆ ಪರದೆಯ ಬದಿಯಲ್ಲಿ ನಿಂತು ಕಥೆ ಹೇಳುವವರಿದ್ದರು. ಅವರ ಸಾಲಿನಲ್ಲಿ ನಿಲ್ಲುವುದೆಂದರೆ ನನಗೆ ಹೆಮ್ಮೆ.

ಇದಕ್ಕಾಗಿ ಮೊದಲೇ ಚಿತ್ರವನ್ನು ನಿಲ್ಲಿಸಿ ನಿಲ್ಲಿಸಿ ನೋಡಿ, ಹಾಳೆಯ ಮೇಲೆ ಮಾತುಗಳನ್ನು ಬರೆದುಕೊಳ್ಳುತ್ತೇನೆ. ಪಾತ್ರ ಆಡಿದ ಮಾತನ್ನಷ್ಟೇ ಹೇಳಬೇಕು, ಅದರ ಮನಸ್ಸಿನಲ್ಲಿ ಏನಿದೆ ಎಂದು ಹೇಳಬಾರದು. ಇದೊಂದೇ ನನ್ನ ನಿಯಮ. ಯಾರೂ ಮಾತನಾಡದ ಕಡೆ ಹಾಳೆಯಲ್ಲಿ ಕೆಂಪು ಪೆನ್ಸಿಲ್ಲಿನಿಂದ ಗೆರೆ ಎಳೆದಿರುತ್ತೇನೆ. ಅಲ್ಲಿ ನನ್ನ ದನಿ ಕೇಳಬಾರದು.

ಆ ಕೆಂಪು ಗೆರೆಯ ಬೆಲೆ ಏನೆಂದು ತಿಳಿಯಲು ಮಜಿದ್ ಮಜಿದಿಯವರ ‘ಚಿಲ್ಡ್ರನ್ ಆಫ್ ಹೆವನ್’ (1997) ಸಾಕು. ಟೆಹ್ರಾನಿನ ಬಡ ಮನೆಯ ಹುಡುಗ ಅಲಿ, ತಂಗಿ ಜೊಹ್ರಾಳ ಶೂಗಳನ್ನು ಹೊಲಿಸಿಕೊಂಡು ಬರುವಾಗ ಕಳೆದುಕೊಳ್ಳುತ್ತಾನೆ. ಅಪ್ಪನಿಗೆ ಹೇಳುವಂತಿಲ್ಲ, ಹೊಸದು ಕೊಳ್ಳಲು ದುಡ್ಡಿಲ್ಲ. ಬೆಳಗಿನ ಪಾಳಿಯ ಶಾಲೆಗೆ ಅವಳು ಅಣ್ಣನ ಶೂ ಹಾಕಿಕೊಂಡು ಹೋಗಿ, ಬಿಟ್ಟ ಕೂಡಲೇ ಓಡಿ ಬಂದು ಗಲ್ಲಿಯಲ್ಲಿ ಅವನಿಗೆ ಕೊಡುತ್ತಾಳೆ. ಅವನು ಅದನ್ನೇ ಹಾಕಿಕೊಂಡು ಮಧ್ಯಾಹ್ನದ ಪಾಳಿಗೆ ಓಡುತ್ತಾನೆ. ಅಪ್ಪ ಅಮ್ಮನ ಎದುರಿಗೇ ಅಣ್ಣ ತಂಗಿ ನೋಟ್‌ಬುಕ್ಕಿನಲ್ಲಿ ಬರೆದು ಬರೆದು ಜಗಳವಾಡುವ ದೃಶ್ಯವೊಂದಿದೆ. ಆ ಬರಹವನ್ನು ನಾನು ಪಿಸುದನಿಯಲ್ಲಿ ಓದುತ್ತೇನೆ. ಮಕ್ಕಳೆಲ್ಲ ತಾವೂ ಗುಟ್ಟಿನಲ್ಲಿ ಸೇರಿಕೊಂಡವರಂತೆ ಜಮಖಾನದ ಮೇಲೆ ಮುಂದಕ್ಕೆ ಸರಿಯುತ್ತಾರೆ.

ಒಂದು ದಿನ ಜೊಹ್ರಾ ತನ್ನ ಕಳೆದುಹೋದ ಶೂಗಳನ್ನು ಶಾಲೆಯ ಇನ್ನೊಬ್ಬ ಹುಡುಗಿಯ ಕಾಲಿನಲ್ಲಿ ಕಾಣುತ್ತಾಳೆ. ಅವಳ ಮನೆಯವರೆಗೂ ಹಿಂಬಾಲಿಸಿ ಗುರುತು ಮಾಡಿಕೊಂಡು, ಅಣ್ಣನನ್ನು ಕರೆತರುತ್ತಾಳೆ. ಇಬ್ಬರೂ ಮರೆಯಲ್ಲಿ ನಿಂತು ನೋಡುತ್ತಾರೆ. ಆ ಹುಡುಗಿಯ ಅಪ್ಪ ಹೊರಗೆ ಬರುತ್ತಾನೆ. ಅವನಿಗೆ ಕಣ್ಣು ಕಾಣುವುದಿಲ್ಲ. ಅಣ್ಣ ತಂಗಿ ಪರಸ್ಪರ ಮುಖ ನೋಡಿಕೊಂಡು, ಏನನ್ನೂ ಕೇಳದೆ ಹಿಂತಿರುಗುತ್ತಾರೆ. ಅಷ್ಟೇ. ಒಂದು ಮಾತಿಲ್ಲ. ಅಲ್ಲಿ ನಾನು ‘ಪಾಪ, ಅವರು ತಮಗಿಂತ ಬಡವರು ಎಂದು ಇವರಿಗೆ ಗೊತ್ತಾಯಿತು’ ಎಂದು ಒಂದೇ ಒಂದು ವಾಕ್ಯ ಸೇರಿಸಿದರೂ ಸಾಕು, ಮಕ್ಕಳು ಮಾಡಬೇಕಾದ ಕೆಲಸವನ್ನು ಕಿತ್ತುಕೊಂಡಂತೆ. ಸುಮ್ಮನಿದ್ದರೆ ಕೊಠಡಿಯ ಯಾವುದೋ ಮೂಲೆಯಿಂದ ‘ಬಿಡು, ಹೋಗಲಿ’ ಎಂಬ ಸಣ್ಣ ದನಿ ಬರುತ್ತದೆ. ಜೊಹ್ರಾಳಿಗೆ ಹೇಳಿದ ಮಾತು ಅದು. ಬೇರೆ ಬೇರೆ ಊರುಗಳಲ್ಲಿ ಅದನ್ನು ಕೇಳಿದ್ದೇನೆ.

ಓಟದ ಸ್ಪರ್ಧೆಯೂ ಹಾಗೆಯೇ. ಮೂರನೇ ಬಹುಮಾನ ಒಂದು ಜೊತೆ ಶೂ ಎಂಬ ಕಾರಣಕ್ಕೆ ಅಲಿ ಓಡುತ್ತಾನೆ. ಹೇಗಾದರೂ ಮೂರನೆಯವನಾಗಬೇಕು. ಕೊನೆಯಲ್ಲಿ ಎಡವಿ, ಎದ್ದು, ಮೊದಲನೆಯವನಾಗಿಬಿಡುತ್ತಾನೆ. ಪರದೆಯ ಮೇಲೆ ಚಪ್ಪಾಳೆ, ಫೋಟೊ, ಕೊಠಡಿಯ ತುಂಬಾ ‘ಅಯ್ಯೋ!’ ಗೆದ್ದವನಿಗಾಗಿ ಇಡೀ ತರಗತಿ ಮರುಗುತ್ತದೆ. ಬಡತನ ಎಂದರೇನು ಎಂಬ ಪಾಠವನ್ನು ಇದಕ್ಕಿಂತ ಚೆನ್ನಾಗಿ ಮಾಡಲು ನನಗಂತೂ ಬರುವುದಿಲ್ಲ.

ಇಷ್ಟಾದ ಮೇಲೂ ಒಂದು ಅಪಾಯ ಉಳಿದಿರುತ್ತದೆ. ಅದು ದೀಪ ಹಾಕಿದ ಮೇಲಿನ ಐದು ನಿಮಿಷದಲ್ಲಿ ಬರುತ್ತದೆ. ಒಂದು ಶಾಲೆಯಲ್ಲಿ ಇದೇ ಚಿತ್ರ ಮುಗಿಯುತ್ತಿದ್ದಂತೆ ಶಿಕ್ಷಕರೊಬ್ಬರು ಎದ್ದರು. ‘ನೋಡಿದಿರಾ? ನಿಮಗೆ ಸರ್ಕಾರವೇ ಶೂ, ಸಾಕ್ಸ್ ಕೊಡುತ್ತದೆ. ಅದರ ಬೆಲೆ ಗೊತ್ತಿದೆಯೇ? ಇವತ್ತು ಶೂ ಹಾಕಿಕೊಳ್ಳದೆ ಬಂದವರು ಎದ್ದು ನಿಲ್ಲಿ’ ಎಂದರು. ಹಿಂದಿನ ಸಾಲಿನಲ್ಲಿ ಕೆಲವರು ತಲೆ ತಗ್ಗಿಸಿಕೊಂಡು ಎದ್ದರು. ವರ್ಷಕ್ಕೊಮ್ಮೆ ಬರುವ ಶೂ ಬೆಳೆಯುವ ಕಾಲಿಗೆ ದೀಪಾವಳಿ ಹೊತ್ತಿಗೆ ಬಿಗಿಯಾಗಿರುತ್ತದೆ. ತಮ್ಮನಿಗೆ ದಾಟಿಸಿದವರಿರುತ್ತಾರೆ, ಊರ ಜಾತ್ರೆಗೆಂದು ಎತ್ತಿಟ್ಟವರೂ ಇರುತ್ತಾರೆ. ನಾನು ಮುಂದೆ ಹೋಗಿ, ‘ಸರ್, ಒಂದು ಆಟ ಇದೆ, ಎಲ್ಲರೂ ನಿಲ್ಲಬೇಕು’ ಎಂದೆ. ಎಲ್ಲರೂ ನಿಂತರು. ‘ಅಲಿ ಓಡುವಾಗ ಯಾರ ಯಾರ ಕಾಲು ಕುಳಿತಲ್ಲೇ ಅಲ್ಲಾಡುತ್ತಿತ್ತು?’ ಎಂದು ಕೇಳಿದೆ. ಗೊಳ್ಳೆಂದು ನಗು, ಎಲ್ಲರ ಕೈ ಮೇಲೆ.

ಆ ಶಿಕ್ಷಕರು ಕೆಟ್ಟವರಲ್ಲ. ಬಿಸಿಯೂಟದ ಹೊತ್ತಿನಲ್ಲಿ ಮಾತನಾಡುತ್ತಾ, ‘ಬರೀ ಸಿನಿಮಾ ತೋರಿಸಿ ಕಳಿಸಿದರೆ ಆಯಿತೇ ಸರ್? ಏನಾದರೂ ನೀತಿ ಹೇಳಬೇಡವೇ?’ ಎಂದು ಪ್ರಾಮಾಣಿಕವಾಗಿಯೇ ಕೇಳಿದರು. ನಾನು ಹೇಳಿದ್ದು ಇಷ್ಟು: ನಗರದ ಚಿತ್ರಮಂದಿರದಲ್ಲಿ ಈ ಚಿತ್ರ ಬೇರೆಯವರ ಮಕ್ಕಳ ಕಥೆ. ಇಲ್ಲಿ ಆ ಮಕ್ಕಳು ಎದುರಿಗೇ ಕುಳಿತಿದ್ದಾರೆ. ಅಲಿಯನ್ನು ನೋಡುತ್ತಿರುವಷ್ಟು ಹೊತ್ತು ಅವರಿಗೆ ಒಬ್ಬ ಗೆಳೆಯ ಸಿಕ್ಕಿದ್ದ. ನೀತಿ ಹೇಳಿದ ಕ್ಷಣ ಅವರೇ ಉದಾಹರಣೆಯಾಗಿ ಬಿಡುತ್ತಾರೆ. ‘ಕೊಟ್ರೇಶಿ ಕನಸು’ ತೋರಿಸುವಾಗ ಈ ಎಚ್ಚರ ಇನ್ನೂ ಹೆಚ್ಚು ಬೇಕು. ಜಾತಿಯ ಅವಮಾನವನ್ನು ಪರದೆಯ ಮೇಲೆ ಕಂಡ ಮಗುವನ್ನು ‘ನಿನಗೇನನ್ನಿಸಿತು?’ ಎಂದು ಎಲ್ಲರೆದುರು ಕೇಳುವುದು ಇನ್ನೊಂದು ಅವಮಾನ. ಈಗ ನಾವು ಯಾವ ಶಾಲೆಗೆ ಹೋದರೂ ಪ್ರದರ್ಶನಕ್ಕೆ ಮೊದಲೇ ಶಿಕ್ಷಕರೊಂದಿಗೆ ಕುಳಿತು ಈ ಮಾತು ಆಡಿಕೊಳ್ಳುತ್ತೇವೆ. ಯಾರ ಹೆಸರನ್ನೂ ಕೂಗಿ ಕೇಳುವುದಿಲ್ಲ, ಕೈ ಎತ್ತಿದವರಷ್ಟೇ ಮಾತನಾಡುತ್ತಾರೆ.

ತಮಿಳಿನ ‘ಕಾಕ ಮುಟ್ಟೈ’ (2015) ಈ ಮಾತುಕತೆಗೆ ಹೇಳಿ ಮಾಡಿಸಿದ ಚಿತ್ರ. ಎಂ. ಮಣಿಕಂಡನ್ ನಿರ್ದೇಶನದ ಇದಕ್ಕೆ ಅತ್ಯುತ್ತಮ ಮಕ್ಕಳ ಚಿತ್ರ ಎಂಬ ರಾಷ್ಟ್ರಪ್ರಶಸ್ತಿಯೂ ಬಂದಿದೆ. ಚೆನ್ನೈನ ಕೊಳೆಗೇರಿಯ ಇಬ್ಬರು ಅಣ್ಣತಮ್ಮಂದಿರು ಮರ ಹತ್ತಿ ಕಾಗೆಯ ಮೊಟ್ಟೆ ಕದ್ದು ಕುಡಿಯುತ್ತಾರೆ. ಆ ಮರ ಉರುಳಿ, ಆಟದ ಜಾಗ ಹೋಗಿ, ಅಲ್ಲಿ ಪಿಜ್ಜಾ ಅಂಗಡಿ ಬರುತ್ತದೆ. ಹುಡುಗರಿಗೆ ಈಗ ಪಿಜ್ಜಾದ ಆಸೆ. ರೈಲು ಹಳಿಯ ಪಕ್ಕ ಬಿದ್ದ ಕಲ್ಲಿದ್ದಲು ಆಯ್ದು ಮಾರಿ ದುಡ್ಡು ಕೂಡಿಸುತ್ತಾರೆ. ಅಜ್ಜಿ ದೋಸೆಯ ಮೇಲೆ ತರಕಾರಿ ಹಾಕಿ ಮನೆಯಲ್ಲೇ ಪಿಜ್ಜಾ ಮಾಡಿಕೊಟ್ಟರೆ, ಎಳೆದರೆ ಚೀಸಿನ ‘ನೂಲು ಬರುವುದಿಲ್ಲವಲ್ಲ’ ಎಂಬ ತಕರಾರು. ಮರ ಕಡಿದದ್ದು ತಪ್ಪು ಎಂದು ಚಿತ್ರದಲ್ಲಿ ಯಾರೂ ಭಾಷಣ ಮಾಡುವುದಿಲ್ಲ. ಚಿತ್ರ ಮುಗಿದ ಮೇಲೆ ನಾನು ಕೇಳುವುದು ಒಂದೇ: ‘ಮೊದಲು ಅಲ್ಲಿ ಏನೇನಿತ್ತು?’ ಮಕ್ಕಳು ಒಬ್ಬರ ಮೇಲೊಬ್ಬರು ಬಿದ್ದು ಹೇಳುತ್ತಾರೆ. ಮರ, ಗೂಡು, ಕಾಗೆ, ಆಟ. ಆಮೇಲೆ ತಾವಾಗಿಯೇ ತಮ್ಮೂರಿಗೆ ಬರುತ್ತಾರೆ. ಗುಂಡುತೋಪು ಇದ್ದ ಕಡೆ ಈಗೇನಿದೆ, ಕೆರೆಯ ಅಂಗಳದಲ್ಲಿ ಯಾರು ಬೇಲಿ ಹಾಕಿದ್ದಾರೆ, ಹೆಸರು ಸಮೇತ. ಅಂಥ ಹೊತ್ತಿನಲ್ಲಿ ಮುಖ್ಯೋಪಾಧ್ಯಾಯರು ಗಾಬರಿಯಾಗುವುದೂ ಉಂಟು.

ಆದರೆ ಪರಿಸರದ ಚಿತ್ರಗಳಲ್ಲಿ ಸುಮ್ಮನಿರುವ ನಿಯಮ ಪೂರ್ತಿ ನಡೆಯುವುದಿಲ್ಲ. ನಗರದಲ್ಲಿ ಗುಬ್ಬಚ್ಚಿಯನ್ನು ಹುಡುಕಿ ಹೊರಡುವ ಮಕ್ಕಳ ಕಥೆ ಅಭಯ ಸಿಂಹ ಅವರ ‘ಗುಬ್ಬಚ್ಚಿಗಳು’. ಅದನ್ನು ತೋರಿಸಿದ ಮೇಲೆ ‘ಗುಬ್ಬಿ ಯಾಕೆ ಹೋದವು?’ ಎಂಬ ಪ್ರಶ್ನೆ ಬಂದೇ ಬರುತ್ತದೆ. ‘ಮೊಬೈಲ್ ಟವರ್’ ಎಂಬ ಸಿದ್ಧ ಉತ್ತರವೂ ಬೆನ್ನಿಗೇ ಬರುತ್ತದೆ. ಇಲ್ಲಿ ಬಾಯಿ ಬಿಡಬೇಕು. ಟವರ್ ಒಂದೇ ಕಾರಣವೆಂದು ವಿಜ್ಞಾನ ಸಾಬೀತು ಮಾಡಿಲ್ಲ. ಗೂಡಿಗೆ ಬೇಕಾದ ಸಂದುಗೊಂದುಗಳು ಹೆಂಚಿನ ಮನೆಯಲ್ಲಿದ್ದವು, ತಾರಸಿ ಮನೆಯಲ್ಲಿಲ್ಲ. ಗುಬ್ಬಿ ಕಾಳು ತಿನ್ನುವ ಹಕ್ಕಿಯಾದರೂ ಮರಿಗೆ ಮೊದಲ ದಿನಗಳಲ್ಲಿ ಕೊಡುವುದು ಹುಳುಹುಪ್ಪಟೆ. ಗಿಡಗಂಟಿ ಹೋಗಿ ಔಷಧಿ ಸಿಂಪಡಣೆ ಬಂದ ಕಡೆ ಆ ಹುಳುಗಳೂ ಕಡಿಮೆ. ಇಷ್ಟು ಹೇಳಿ ಮಕ್ಕಳನ್ನು ಹೊರಗೆ ಕಳಿಸುತ್ತೇನೆ. ಒಂದು ಶಾಲೆಯಲ್ಲಿ ಕರೆಂಟಿನ ಮೀಟರ್ ಪೆಟ್ಟಿಗೆಯೊಳಗೇ ಗೂಡು ಸಿಕ್ಕಿತು. ಕತ್ತಿನ ಕೆಳಗೆ ಕಪ್ಪು ಗಡ್ಡದಂಥ ಗುರುತು ಇರುವುದು ಗಂಡು, ಅದಿಲ್ಲದೆ ಮಾಸಲು ಕಂದಾಗಿರುವುದು ಹೆಣ್ಣು ಎಂದು ನನಗೇ ಪಾಠ ಹೇಳಿದ ಆರನೇ ತರಗತಿಯ ಹುಡುಗಿ, ಮೀಟರ್ ಓದಲು ಬರುವವರಿಗೆ ‘ನಿಧಾನ’ ಎಂದು ಚೀಟಿ ಅಂಟಿಸಿಯೇ ಮನೆಗೆ ಹೋದಳು.

ಭಾವನೆಗೆ ವಿವರಣೆ ಬೇಡ, ಕಾರಣಕ್ಕೆ ಬೇಕು. ನಮ್ಮ ತಂಡಕ್ಕೆ ಹೊಸದಾಗಿ ಸೇರುವವರಿಗೆ ನಾನು ಮೊದಲು ಹೇಳುವುದು ಇದನ್ನೇ.

ಕೊನೆಗೆ, ಕನ್ನಡದ ದನಿಯ ವಿಚಾರ. ಕಲಾವಿದರ, ತಂತ್ರಜ್ಞರ ಅನ್ನದ ಪ್ರಶ್ನೆಯಿಂದಾಗಿ ಕನ್ನಡಕ್ಕೆ ಡಬ್ಬಿಂಗ್ ಬರದಂತೆ ದಶಕಗಳ ಕಾಲ ಅಘೋಷಿತ ತಡೆ ಇತ್ತು. ಆ ಆತಂಕವನ್ನು ನಾನು ಹಗುರವಾಗಿ ಕಾಣುವುದಿಲ್ಲ. 2015ರಲ್ಲಿ, ವ್ಯಾಪಾರದ ಪೈಪೋಟಿಗೆ ಯಾರೂ ಅಡ್ಡಿ ಮಾಡದಂತೆ ನೋಡಿಕೊಳ್ಳುವ ಭಾರತೀಯ ಸ್ಪರ್ಧಾ ಆಯೋಗದ ಆದೇಶ ಬಂದ ಮೇಲೆ ಆ ತಡೆ ಸಡಿಲವಾಯಿತು. ಹೊಡೆದಾಟದ ದೊಡ್ಡ ಚಿತ್ರಗಳು ಈಗ ಕನ್ನಡದಲ್ಲಿ ಧಾರಾಳವಾಗಿ ಬರುತ್ತಿವೆ. ಜೊಹ್ರಾ ಮಾತ್ರ ನಮ್ಮ ಶಾಲೆಗಳಲ್ಲಿ ಇನ್ನೂ ನನ್ನ ಗಂಡು ದನಿಯಲ್ಲೇ ಮಾತನಾಡಬೇಕಾಗಿದೆ. ಪ್ರದರ್ಶನದ ಹಕ್ಕು ಪಡೆದು, ಮಕ್ಕಳಿಂದಲೇ ಮಕ್ಕಳ ಪಾತ್ರಗಳಿಗೆ ದನಿ ಕೊಡಿಸುವ ಕೆಲಸವನ್ನು ಯಾರಾದರೂ ಕೈಗೆತ್ತಿಕೊಳ್ಳಬೇಕು. ಅಲ್ಲಿಯವರೆಗೆ ನಾನು ಬರೆದಿಟ್ಟ ಸಂಭಾಷಣೆಯ ಹಾಳೆಗಳನ್ನು ಕೇಳಿದ ಶಿಕ್ಷಕರಿಗೆಲ್ಲ ನೆರಳಚ್ಚು ಮಾಡಿಸಿ ಕೊಡುತ್ತಿದ್ದೇನೆ. ನೆರಳಚ್ಚಿನಲ್ಲಿ ಕೆಂಪು ಗೆರೆ ಕಪ್ಪಾಗಿ ಮೂಡುವುದರಿಂದ, ಪ್ರತಿ ಹಾಳೆಯ ಮೇಲೂ ಮತ್ತೆ ಕೈಯಿಂದಲೇ ಎಳೆದು ಕೊಡುತ್ತೇನೆ.