ಮನೆಯಲ್ಲಿ ಕಟ್ಟುವ ಸ್ಪೋರ್ಟ್ಸ್ ಕಾರಿಗೆ ಯಾವ ಹಬ್, ಯಾವ ಬೇರಿಂಗ್?

ಗೋಣಿಕೊಪ್ಪಲು ಸಂತೆಯಲ್ಲಿ ಸಿಕ್ಕರೂ ಇದೇ ಪ್ರಶ್ನೆ, ಮದುವೆ ಮನೆಯಲ್ಲಿ ಸಿಕ್ಕರೂ ಇದೇ ಪ್ರಶ್ನೆ. "ಅಣ್ಣಾ, ನಾನೂ ಒಂದು ಕಾರು ಕಟ್ಟಬೇಕು ಅಂತಿದ್ದೀನಿ. ಹಬ್ಬು, ಬೇರಿಂಗು ಯಾವುದು ಹಾಕಲಿ?" ಕೇಳುವವರಲ್ಲಿ ಹುಡುಗರೇ ಜಾಸ್ತಿ. ಕೊಯ್ಲು ಮುಗಿದ ಗದ್ದೆಯಲ್ಲಿ ಆಟೋಕ್ರಾಸ್ (ಮಣ್ಣಿನ ಟ್ರ್ಯಾಕಿನ ಕಾರು ಸ್ಪರ್ಧೆ) ನೋಡುತ್ತಾ ಬೆಳೆದವರು. ಚಕ್ರ ಬೋಲ್ಟಾಗಿ ಕೂರುವ ತಿರುಗುವ ಭಾಗವೇ ಹಬ್. ಅದು ಸಲೀಸಾಗಿ ತಿರುಗಲು ಇರುವುದು ಬೇರಿಂಗ್.

ನನ್ನ ಉತ್ತರ ಇದು: ಹಳೇ ಸ್ವಿಫ್ಟ್‌ನ ಮುಂದಿನ ನಕಲ್ (ಹಬ್ಬನ್ನೂ ಬೇರಿಂಗನ್ನೂ ಹಿಡಿದು ಸಸ್ಪೆನ್ಷನ್ನಿಗೆ ಸೇರಿಸುವ ತುಂಡು), ಹಬ್, ಬ್ರೇಕ್ ಎಲ್ಲವನ್ನೂ ಸೆಟ್ಟಾಗಿ ತೆಗೆದುಕೊಳ್ಳಿ. ನಾಲ್ಕೂ ಚಕ್ರಕ್ಕೆ ಅದನ್ನೇ ಹಾಕಿ.

ನನ್ನ ಕಾರು ಟ್ರೈಲರ್ ಮೇಲೆ ಹೋಗಿ ಗದ್ದೆಯಲ್ಲಿ, ಟ್ರ್ಯಾಕಿನಲ್ಲಿ ಮಾತ್ರ ಓಡುತ್ತದೆ. ಸ್ವಿಫ್ಟ್ ಎಂಜಿನ್ನು, ಗೇರ್‌ಬಾಕ್ಸು ಸೀಟಿನ ಹಿಂದೆ ಕೂತಿವೆ. ಸ್ವಿಫ್ಟ್‌ನಲ್ಲಿ ಎಂಜಿನ್ ತಿರುಗಿಸುವುದು ಮುಂದಿನ ಚಕ್ರವನ್ನು, ನನ್ನ ಕಾರಿನಲ್ಲಿ ಹಿಂದಿನದನ್ನು. ಹಾಗಾಗಿ ಹಿಂದಿನ ಚಕ್ರಕ್ಕೆ ಸ್ವಿಫ್ಟ್‌ನ ಮುಂದಿನ ಹಬ್ ಹೇಗೂ ಬೇಕು. ಮುಂದಕ್ಕೂ ಅದನ್ನೇ ಹಾಕಿದರೆ ನಾಲ್ಕು ಕಡೆಗೂ ಒಂದೇ ಬೇರಿಂಗ್. ಕೆಟ್ಟರೆ ಗೋಣಿಕೊಪ್ಪಲಿನಲ್ಲೇ ಸಿಗುತ್ತದೆ, ಮೈಸೂರಿಗೆ ಓಡಬೇಕಿಲ್ಲ. ಇಂಗ್ಲೆಂಡಿನಲ್ಲಿ ಲೋಟಸ್ ಸೆವೆನ್ ಮಾದರಿಯ ಹಗುರ ಸ್ಪೋರ್ಟ್ಸ್ ಕಾರು ಕಟ್ಟುವವರು ಎಷ್ಟೋ ವರ್ಷ ಫೋರ್ಡ್ ಸಿಯೆರಾ ಹಬ್ ಹಾಕಿದ್ದೂ ಇದೇ ಲೆಕ್ಕದಲ್ಲಿ. ಅಲ್ಲಿನ ಗುಜರಿಯಲ್ಲಿ ಅದು ಧಾರಾಳವಾಗಿ ಸಿಗುತ್ತಿತ್ತು.

"ಜೀಪಿನದು ಹಾಕಿದರೆ ಗಟ್ಟಿ ಅಲ್ವಾ?" ಅಂತ ತೋಟದವರು ಕೇಳುತ್ತಾರೆ. ಗಟ್ಟಿ ನಿಜ. ಗುಂಡಿನ ಬದಲು ಓರೆ ಉರುಳೆಗಳಿರುವ ಟೇಪರ್ ರೋಲರ್ ಬೇರಿಂಗ್, ಬಿಚ್ಚಿ ಗ್ರೀಸ್ ತುಂಬಬಹುದು, ಲೂಸ್ ಆದರೆ ನಟ್ಟು ತಿರುಗಿಸಿ ಸರಿಮಾಡಬಹುದು. ಆದರೆ ಭಾರ ಬಹಳ. ಆ ಭಾರವೆಲ್ಲ ಸ್ಪ್ರಿಂಗಿನ ಕೆಳಗೆ ಕೂರುತ್ತದೆ, ಹಗುರ ಕಾರಿನ ಚಕ್ರ ಗುಂಡಿಯಿಂದ ಎದ್ದರೆ ನೆಲಕ್ಕೆ ಬೇಗ ಮರಳುವುದಿಲ್ಲ. ಪಿಸಿಡಿ (ಚಕ್ರದ ಬೋಲ್ಟುಗಳು ಕೂರುವ ವೃತ್ತದ ಅಳತೆ) ಕೂಡ 5×139.7, ಅಂದರೆ 139.7 ಮಿಮೀ ವೃತ್ತದಲ್ಲಿ ಐದು ಬೋಲ್ಟು, ಸ್ಪೋರ್ಟ್ಸ್ ಕಾರಿಗೆ ಒಪ್ಪುವ ರಿಮ್ ಸಿಗುವುದು ಕಷ್ಟ. ಮಾರುತಿ 800ರದ್ದು ಹಗುರ, ಆದರೆ 12 ಇಂಚಿನ ರಿಮ್ಮಿನೊಳಗೆ ಕೂರುವ ಬ್ರೇಕು ಚಿಕ್ಕದು. ಹಳೇ ಸ್ವಿಫ್ಟ್ 4×100, ಅದಕ್ಕೆ ರಿಮ್ ಬೇಕಾದಷ್ಟಿವೆ.

ತಡೆಯುತ್ತದಾ ಅಂತ ಲೆಕ್ಕ ಹಾಕೋಣ. ಡ್ರೈವರ್ ಸೇರಿ ಕಾರು 700 ಕೆಜಿ ಅಂತಿಟ್ಟುಕೊಳ್ಳಿ. ಜೋರಾಗಿ ತಿರುಗುವಾಗ ಮುಂದಿನ ಹೊರಚಕ್ರದ ಮೇಲೆ 280 ಕೆಜಿ ಬಿತ್ತು, ಟೈರು ಅಷ್ಟೇ ಬಲದಲ್ಲಿ ಪಕ್ಕಕ್ಕೂ ಹಿಡಿಯಿತು. ನೆಲದಿಂದ ಹಬ್ಬಿನ ನಡುವಿಗೆ ಸುಮಾರು 0.3 ಮೀಟರ್. ಗುಣಿಸಿದರೆ 84. ಹಬ್ಬಿಗೆ ಒಂದು ಮೀಟರ್ ರಾಡು ಕಟ್ಟಿ ಅದರ ತುದಿಯಲ್ಲಿ 84 ಕೆಜಿ ಆಳು ಜೋತಾಡಿದ ಹಾಗೆ. ಬೇರಿಂಗನ್ನು ಹೆಚ್ಚು ಸವೆಸುವುದು ಹೀಗೆ ಬಾಗಿಸುವ ಬಲ. ಸ್ವಿಫ್ಟ್ ಬರೀ ಕಾರೇ ಸುಮಾರು 1000 ಕೆಜಿ, ಅದರ ಮೇಲೆ ಐದು ಜನ. ಆ ಹಬ್ಬಿಗೆ ನಮ್ಮ ಕಾರು ಜಾಸ್ತಿಯಲ್ಲ. ಆದರೆ ಚಂದ ಕಾಣಲಿ ಅಂತ ಸ್ಪೇಸರ್ ಹಾಕಿ ಚಕ್ರವನ್ನು ಹೊರಗೆ ತಳ್ಳಬೇಡಿ. ಭಾರ ಬೇರಿಂಗಿನ ನಡುವಿಂದ ದೂರ ಹೋಗುತ್ತದೆ.

ಇನ್ನು ನಾನು ಮಾಡಿದ ತಪ್ಪು. ಮುಂದಿನ ಚಕ್ರಕ್ಕೆ ಎಂಜಿನ್ ಶಕ್ತಿ ಹೋಗುವುದಿಲ್ಲ, ಶಾಫ್ಟ್ ಯಾಕೆ ಅಂತ ಹಬ್ಬಿನ ತೂತನ್ನು ಖಾಲಿ ಬಿಟ್ಟು ಮುಚ್ಚಳ ಬಡಿದಿದ್ದೆ. ಹತ್ತು ಸುತ್ತು ಹೊಡೆಯುವಷ್ಟರಲ್ಲಿ ಸ್ಟೇರಿಂಗ್ ಅದುರತೊಡಗಿತು. ಜಾಕ್ ಹಾಕಿ, ಚಕ್ರವನ್ನು ಮೇಲೂ ಕೆಳಗೂ ಹಿಡಿದು ಅಲ್ಲಾಡಿಸಿದರೆ ಟಕ್ ಟಕ್ ಅಂತಿತ್ತು. ಬ್ರೇಕ್ ಡಿಸ್ಕಿನ ಮೇಲೆ ಕಂದು ಗ್ರೀಸಿನ ಗೆರೆ. ಬಿಚ್ಚಿದಾಗ ಒಳಗಿನ ರೇಸಿನ (ಗುಂಡುಗಳು ಉರುಳುವ ಬಳೆಯ) ಎರಡು ಹೋಳುಗಳು ಬೇರೆಯಾಗಿ ಬೆರಳಿನ ಉಗುರು ಹೋಗುವಷ್ಟು ಸಂದಿ ಬಿದ್ದಿತ್ತು.

ಈ ಬೇರಿಂಗಿನಲ್ಲಿ ಗುಂಡುಗಳು ಎರಡು ಸಾಲು. ಒಳಗಿನ ರೇಸ್ ಎರಡು ಹೋಳು. ಆ ಹೋಳುಗಳನ್ನು ಒತ್ತಿ ಹಿಡಿಯುವುದು ಸಿವಿ ಜಾಯಿಂಟಿನ (ಎಂಜಿನ್ ಶಕ್ತಿಯನ್ನು ಚಕ್ರಕ್ಕೆ ಒಯ್ಯುವ, ಬಾಗಬಲ್ಲ ಕೀಲಿನ) ಶಾಫ್ಟು ಮತ್ತು ಅದರ ದೊಡ್ಡ ನಟ್ಟು. ನಟ್ಟು ಬಿಗಿಯಾಗುವವರೆಗೆ ಬೇರಿಂಗ್ ಪೂರ್ತಿಯಾದ ಹಾಗಲ್ಲ. ಈಗ ಹಳೇ ಸಿವಿ ಜಾಯಿಂಟಿನ ಒಳಭಾಗ ತೆಗೆದು ಹಾಕಿ, ಅದರ ಹೊರಗಿನ ಬಟ್ಟಲನ್ನು ಲೇತಿನಲ್ಲಿ ಸ್ವಲ್ಪ ಕತ್ತರಿಸಿ, ಒಳರೇಸಿಗೆ ಒತ್ತುವ ಭುಜ ಉಳಿಸಿಕೊಂಡು ಮುಂದಿನ ಹಬ್ಬಿಗೆ ಹಾಕಿದ್ದೇನೆ. ಹೊಸ ನಟ್ಟು, ಮ್ಯಾನ್ಯುಯಲ್ ಹೇಳಿದಷ್ಟೇ ಟಾರ್ಕು, ಟಾರ್ಕ್ ರೆಂಚಿನಲ್ಲೇ. ಅಂದಾಜಿನಲ್ಲಿ ಬೇಡ.

ಕೂರಿಸುವಾಗಲೂ ಜೋಪಾನ. ಸುತ್ತಿಗೆ ಬೇಡ, ಪ್ರೆಸ್ ಇರುವ ಗ್ಯಾರೇಜಿಗೆ ಹೋಗಿ, ಪಕ್ಕದಲ್ಲೇ ನಿಂತು ನೋಡಿ. ನಕಲ್‌ಗೆ ಬೇರಿಂಗ್ ಒತ್ತುವಾಗ ಹೊರರೇಸಿನ ಮೇಲೆ ಒತ್ತಬೇಕು. ಹಬ್ ಒತ್ತುವಾಗ ಒಳರೇಸಿಗೆ ಕೆಳಗಿನಿಂದ ಆಧಾರ ಕೊಡಬೇಕು. ತಪ್ಪಿದರೆ ಬಲವೆಲ್ಲ ಗುಂಡುಗಳ ಮೂಲಕ ಹೋಗಿ ರೇಸಿನಲ್ಲಿ ಸಣ್ಣ ಗುಳಿ ಬೀಳುತ್ತವೆ. ಕಣ್ಣಿಗೆ ಕಾಣುವುದಿಲ್ಲ, ಓಡಿಸುವಾಗ ಗುರ್ ಅನ್ನುತ್ತದೆ. ಒಮ್ಮೆ ಹಬ್ ಹೊರಗೆ ತೆಗೆದ ಬೇರಿಂಗನ್ನು ಮತ್ತೆ ಹಾಕಬೇಡಿ, ಎಷ್ಟೇ ಹೊಸದಾಗಿ ಕಂಡರೂ.

ನಮ್ಮ ಕೆಸರು ಬೇರಿಂಗಿನ ಸೀಲಿಗೆ ಶತ್ರು. ಗದ್ದೆಯಿಂದ ಬಂದ ಮೇಲೆ ಪ್ರೆಷರ್ ವಾಷರ್ ಅನ್ನು ಹಬ್ಬಿನ ಮೇಲೆ ನೇರವಾಗಿ ಬಿಡಬೇಡಿ, ನೀರು ಒಳಗೆ ನುಗ್ಗುತ್ತದೆ. ಪೈಪಿನ ನೀರು ಸಾಕು. ತೊಳೆದ ಮೇಲೆ ಜಾಕ್ ಹಾಕಿ ನಾಲ್ಕೂ ಚಕ್ರ ತಿರುಗಿಸಿ, ಒಂದು ಕೈ ಸ್ಪ್ರಿಂಗಿನ ಮೇಲಿಡಿ. ಬೇರಿಂಗ್ ಹೋಗುತ್ತಿದ್ದರೆ ಕಿವಿಗೆ ಕೇಳುವ ಮೊದಲೇ ಆ ಕೈಗೆ ತರತರ ಅಂತ ಗೊತ್ತಾಗುತ್ತದೆ.